ಎಡಗಡೆ ಹಿಂದಿನ ಚಕ್ರದ ಸದ್ದು

ಮಳವಳ್ಳಿಯಲ್ಲಿ ನಮ್ಮ ಎದುರು ಮನೆ ಕೆಂಪಸಿದ್ದಯ್ಯನವರದು. ಕಾವೇರಿ ದಂಡೆಯ ಪವರ್ ಹೌಸಿನಲ್ಲಿ ಮೂವತ್ತಾರು ವರ್ಷ ಮೆಷಿನ್ನುಗಳ ಪಕ್ಕ ನಿಂತು ದುಡಿದು, ಐದು ವರ್ಷದ ಹಿಂದೆ ನಿವೃತ್ತರಾದವರು. ನಿವೃತ್ತಿಯ ದಿನ ಊರವರೆಲ್ಲ ಸೇರಿ ಅವರಿಗೆ ಸನ್ಮಾನ ಮಾಡಿದರು. ಮಾರನೆಯ ದಿನದಿಂದ ಅವರು ಊರವರ ಮೇಲೆಲ್ಲ ಅನುಮಾನ ಶುರು ಮಾಡಿದರು.

ಗ್ಯಾಸ್ ಸಿಲಿಂಡರು ಬಂದರೆ ತೂಗಿಸದೆ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಎಳನೀರಿನವನು ತಾನಾಗಿ ಆರಿಸಿಕೊಟ್ಟ ಕಾಯಿ ಬೇಡ, ಇವರು ಬೆರಳು ತೋರಿಸಿದ್ದೇ ಆಗಬೇಕು. ನನ್ನನ್ನು ಟೈಮು ಕೇಳುತ್ತಾರೆ. ನಾನು ಹೇಳಿದ ಮೇಲೆ ತಮ್ಮ ಫೋನು ತೆಗೆದು ನೋಡುತ್ತಾರೆ. ಎರಡೂ ಒಂದೇ ಇದ್ದರೆ ನನ್ನ ಮುಖವನ್ನೊಮ್ಮೆ ನೋಡುತ್ತಾರೆ. ಸರಿಯಾದ ಟೈಮು ಹೇಳುವುದರಲ್ಲಿ ನನಗೇನು ಲಾಭವಿರಬಹುದು ಎಂಬ ಯೋಚನೆ ಆ ನೋಟದಲ್ಲಿರುತ್ತದೆ.

ಇದನ್ನು ಬರೀ ಸ್ವಭಾವ ಎಂದು ತಳ್ಳಿಹಾಕುವಂತಿಲ್ಲ. ಅವರ ಕೆಲಸವೇ ಅಂಥದು. ಪವರ್ ಹೌಸಿನಲ್ಲಿ ಅವರ ಕೈಯಲ್ಲೊಂದು ಉದ್ದನೆಯ ಕಬ್ಬಿಣದ ಸರಳು ಇರುತ್ತಿತ್ತಂತೆ. ಅದರ ಒಂದು ತುದಿಯನ್ನು ತಿರುಗುತ್ತಿರುವ ಮೆಷಿನ್ನಿನ ಬೇರಿಂಗಿನ ಮೇಲಿಟ್ಟು, ಇನ್ನೊಂದು ತುದಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿಕೊಂಡು ಕಣ್ಣು ಮುಚ್ಚಿ ನಿಲ್ಲುತ್ತಿದ್ದರಂತೆ. ಒಳಗೆ ಒಂದು ಗುಂಡು ಸವೆದಿದ್ದರೂ ಅವರಿಗೆ ಗೊತ್ತಾಗುತ್ತಿತ್ತು. ಮೀಟರುಗಳನ್ನು ಹೊತ್ತು ಬಂದ ದೊಡ್ಡ ಇಂಜಿನಿಯರುಗಳೂ ಕೊನೆಗೆ ಇವರ ಮುಖ ನೋಡುತ್ತಿದ್ದರು. ಇವರು ಕಣ್ಣು ಬಿಟ್ಟು ಪುಸ್ತಕದಲ್ಲಿ 'ನಾರ್ಮಲ್' ಎಂದು ಬರೆದರೆ ಮುಗಿಯಿತು. ಕಿವಿಗೆ ಹಾಕಿಕೊಳ್ಳಲು ಕೊಟ್ಟಿದ್ದ ದಪ್ಪನೆಯ ಮುಚ್ಚಳವನ್ನು ಮಾತ್ರ ಮೂವತ್ತಾರು ವರ್ಷವೂ ಅವರು ಮೊಳೆಗೆ ನೇತುಹಾಕಿಯೇ ಇಟ್ಟಿದ್ದರು. ಅದನ್ನು ಹಾಕಿಕೊಂಡರೆ ಮೆಷಿನ್ನಿನ ಮಾತು ಕೇಳಿಸುವುದಿಲ್ಲ ಎಂಬುದು ಅವರ ವಾದ.

ಈಗ ಅವರ ಪಾಲಿಗೆ ಉಳಿದಿರುವ ಮೆಷಿನ್ನು ಎಂದರೆ ಮಗಳ ಕಾರು. ಮಗಳು ಶಶಿರೇಖಾ ಮಂಡ್ಯದ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಪಾಠ ಹೇಳುತ್ತಾಳೆ. ದಿನವೂ ಮಳವಳ್ಳಿಯಿಂದ ಮದ್ದೂರು, ಮದ್ದೂರಿನಿಂದ ಮಂಡ್ಯ, ಸಂಜೆ ಅದೇ ದಾರಿಯಲ್ಲಿ ವಾಪಸು. ಕಾರು ಅವಳ ದುಡಿಮೆಯದು, ಅವಳ ಹೆಸರಿನಲ್ಲಿಯೇ ಇದೆ. ಆದರೆ ಅದರ ಆರೋಗ್ಯ ಅಪ್ಪನ ಇಲಾಖೆ. ಅಪ್ಪ ಬಾನೆಟ್ಟು ಎತ್ತಿ, ಸ್ಕ್ರೂಡ್ರೈವರನ್ನು ಇಂಜಿನ್ನಿಗೂ ಕಿವಿಗೂ ಹಚ್ಚಿ, "ತಗೊಂಡೋಗು ಮಗ" ಎಂದರೆ ಅವಳು ಬೀಗದಕೈ ತಿರುಗಿಸುತ್ತಾಳೆ. ಚಿಕ್ಕಂದಿನಿಂದ ಅಪ್ಪನ ಕಿವಿಯ ಕತೆಗಳನ್ನು ಕೇಳಿಯೇ ಬೆಳೆದವಳು.

ಹೋದ ಮಾರ್ಚಿನಲ್ಲಿ ಕಾರನ್ನು ಸರ್ವೀಸಿಗೆ ಬಿಡುವ ಹೊತ್ತು ಬಂತು. ಸರ್ವೀಸು ಮುಗಿಸಿದವರಿಗೆ ಸರ್ವೀಸು ಮಾಡಿಸುವುದು ಇಷ್ಟು ಕಷ್ಟವೆಂದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಮಂಡ್ಯದಲ್ಲಿ ಕಂಪನಿಯವರದೇ ಶೋರೂಮಿದೆ. ಮದ್ದೂರಿನಲ್ಲಿ, ಮಳವಳ್ಳಿ ರಸ್ತೆಯ ಬಾಯಿಯಲ್ಲೇ, ನಾಗರಾಜುವಿನ ಗ್ಯಾರೇಜಿದೆ. ಇವೆರಡೂ ಬೇಡವೆಂದರೆ ಫೋನು ಮಾಡಿದವರ ಬಾಗಿಲಿಗೇ ವ್ಯಾನು ತಂದು ಸರ್ವೀಸು ಮಾಡಿಕೊಡುವವರೂ ಈಗ ಇದ್ದಾರೆ. ಮೂವರಲ್ಲಿ ಯಾರು ಹೆಚ್ಚು ಕಳ್ಳರು ಎಂಬುದನ್ನು ತೀರ್ಮಾನಿಸಲು ಕೆಂಪಸಿದ್ದಯ್ಯನವರಿಗೆ ಒಂದು ವಾರ ಬೇಕಾಯಿತು. ಶೋರೂಮಿನವರು ಕದ್ದರೂ ಅದಕ್ಕೊಂದು ರಸೀದಿ ಕೊಡುತ್ತಾರೆ ಎಂಬ ಒಂದೇ ಕಾರಣಕ್ಕೆ ಮೊದಲು ಅಲ್ಲಿಗೆ ಹೋಗುವುದೆಂದಾಯಿತು. ಸಾಕ್ಷಿಗೆ ನನ್ನನ್ನೂ ಕರೆದುಕೊಂಡು ಹೋದರು.

ಹೊರಡುವ ಮುನ್ನ ಅವರು ಮಗಳ ಉಗುರು ಬಣ್ಣದ ಸೀಸೆ ತಂದು, ನಾಲ್ಕೂ ಚಕ್ರದ ನಟ್ಟುಗಳ ಮೇಲೆ ಒಂದೊಂದು ಸಣ್ಣ ಗೆರೆ ಎಳೆದರು. ಅರ್ಧ ಗೆರೆ ನಟ್ಟಿನ ಮೇಲೆ, ಅರ್ಧ ಚಕ್ರದ ಮೇಲೆ. ಪವರ್ ಹೌಸಿನ ಪದ್ಧತಿಯಂತೆ ಇದು. ನಟ್ಟು ಒಂದು ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿಯುತ್ತದೆ. ಯಾರು ಎಲ್ಲಿ ಕೈ ಹಾಕಿದರು ಎಂಬುದು ಗೊತ್ತಾಗುತ್ತದೆ. ಗುಲಾಬಿ ಬಣ್ಣದ ಉಗುರಿನ ಆ ಚಕ್ರಗಳನ್ನು ನೋಡಿ ಸೋಮಮ್ಮನವರು ಗಂಡನಿಗೆ ಏನೂ ಹೇಳಲಿಲ್ಲ. ನನಗೆ ಮಾತ್ರ, ಮದುವೆಯಲ್ಲಿ ತಮಗೂ ಇಷ್ಟು ಬಣ್ಣ ಹಚ್ಚಿದವರಿರಲಿಲ್ಲ ಎಂದರು.

ಶೋರೂಮಿನಲ್ಲಿ ಶೋ ಹೆಚ್ಚು, ರೂಮು ಕಡಿಮೆ. ನಮ್ಮನ್ನು ಎ.ಸಿ. ಕೋಣೆಯಲ್ಲಿ ಕೂರಿಸಿ, ಕಾಫಿ ಕೊಟ್ಟು, ಕಾರನ್ನು ಗಾಜಿನ ಗೋಡೆಯ ಆಚೆಗೆ ತೆಗೆದುಕೊಂಡು ಹೋದರು. ಕಾನ್ವೆಂಟಿನಲ್ಲಿ ಓದಿದ ನನಗೆ ಅದು ಚರ್ಚಿನ ಪಾಪನಿವೇದನೆಯ ಗೂಡಿನಂತೆ ಕಂಡಿತು. ಈಚೆ ಕೂತವರು ತಮ್ಮದನ್ನೆಲ್ಲ ಹೇಳಿಕೊಳ್ಳಬೇಕು. ಆಚೆ ಏನು ನಡೆಯುತ್ತದೆಂದು ನೋಡುವಂತಿಲ್ಲ. ಎರಡು ಗಂಟೆ ಕಳೆದ ಮೇಲೆ ಗಗನ ಎಂಬ ಹುಡುಗಿ ಬಂದು, ಹಿಂದಿನ ಎಡಚಕ್ರದ ಬೇರಿಂಗು ಹೋಗಿದೆ, ಬದಲಾಯಿಸಬೇಕು ಎಂದಳು. ಫೋನಿನಲ್ಲಿ ವಿಡಿಯೋ ತೋರಿಸಿದಳು. ಚಕ್ರವೊಂದು ತಿರುಗುತ್ತಿತ್ತು, ಕಿರ್ರೆನ್ನುತ್ತಿತ್ತು. ಹೀಗೇ ಓಡಿಸುತ್ತಿದ್ದರೆ ಒಂದು ದಿನ ದಾರಿಯಲ್ಲೇ ಚಕ್ರ ಹಿಡಿದುಕೊಳ್ಳಬಹುದು, ಆಗ ಗಾಡಿ ಯಾರ ಕೈಗೂ ಸಿಗುವುದಿಲ್ಲ ಎಂದು ಮೆಲ್ಲಗೆ, ಆದರೆ ಸ್ಪಷ್ಟವಾಗಿ ಹೇಳಿದಳು.

ಕೆಂಪಸಿದ್ದಯ್ಯನವರು ವಿಡಿಯೋವನ್ನು ಮೂರು ಸಲ ನೋಡಿದರು. ಸದ್ದೇ ಇಲ್ಲವಲ್ಲಮ್ಮ ಎಂದರು. ಗಗನ ವಾಲ್ಯೂಮು ಏರಿಸಿದಳು. ಅವರು ಇಲ್ಲವೆಂದು ತಲೆಯಾಡಿಸಿದರು. ಹೊರಗೆ ಬಂದು ಚಕ್ರಗಳ ಪಕ್ಕ ಕುಕ್ಕರಗಾಲಿನಲ್ಲಿ ಕೂತು ನೋಡಿದರೆ ಮೂರು ಚಕ್ರದ ಗೆರೆ ಹಾಗೇ ಇತ್ತು, ಹಿಂದಿನ ಎಡಚಕ್ರದ ಗೆರೆ ಮಾತ್ರ ಮುರಿದಿತ್ತು. ಸದ್ದಿದ್ದದ್ದು ಅದರಲ್ಲಿ, ಅದಕ್ಕೇ ಅದನ್ನೊಂದನ್ನೇ ಬಿಚ್ಚಿದ್ದಾರೆ ಎಂದೆ ನಾನು. ಅವರು ಅದನ್ನು ತಿರುವಿ ಹಾಕಿದರು: ಅದನ್ನೊಂದನ್ನೇ ಬಿಚ್ಚಿದ್ದಾರೆ, ಆದ್ದರಿಂದ ಕೆಡಿಸಿದ್ದರೆ ಅದನ್ನೇ ಕೆಡಿಸಿರಬೇಕು. ಆದರೆ ತಮಗೆ ಸದ್ದೇ ಕೇಳಿಸುತ್ತಿಲ್ಲವಾದ್ದರಿಂದ ಕೆಡಿಸಲೂ ಇಲ್ಲ, ಬರೀ ಸುಳ್ಳು ಹೇಳುತ್ತಿದ್ದಾರೆ. ಬೇರಿಂಗು ಬೇಡವೆಂದು ಬರೆದುಕೊಟ್ಟು, ಆಯಿಲ್ ಬದಲಾವಣೆಗಷ್ಟೇ ದುಡ್ಡು ಕೊಟ್ಟು ಬಂದೆವು.

ನಿಜ ಹೇಳಬೇಕೆಂದರೆ ಸದ್ದು ನನಗೂ ಕೇಳಿಸುತ್ತಿತ್ತು. ಶಶಿ ಸಂಜೆ ನಮ್ಮ ಬೀದಿಗೆ ತಿರುಗುವಾಗ, ಸ್ಲೇಟಿನ ಮೇಲೆ ಬಳಪದ ತುದಿ ಗೀರಿದಂತೆ ಸಣ್ಣಗೆ ಕೂಗು ಬರುತ್ತಿತ್ತು. ಇದನ್ನು ಅವರಿಗೆ ಹೇಳಿಯೂ ಹೇಳಿದೆ. ನನ್ನ ಷಡ್ಡಕ ಮಂಡ್ಯದಲ್ಲಿ ಟೈರಿನ ಅಂಗಡಿ ಇಟ್ಟಿರುವುದು ಅವರಿಗೆ ತಕ್ಷಣ ನೆನಪಾಯಿತು. ಅಂದಿನಿಂದ ಸಾಕ್ಷಿಯ ಸ್ಥಾನದಿಂದ ಆರೋಪಿಯ ಸ್ಥಾನಕ್ಕೆ ನನಗೆ ವರ್ಗವಾಯಿತು.

ಎರಡನೆಯ ಸರದಿ ಮದ್ದೂರಿನ ನಾಗರಾಜುವಿನದು. ನಲವತ್ತರ ಆಸುಪಾಸಿನ, ಮಾತು ಕಡಿಮೆಯ ಆಳು. ಕೆಂಪಸಿದ್ದಯ್ಯನವರು ಏನೂ ಹೇಳದೆ, ಸುಮ್ಮನೆ ಒಂದು ಸುತ್ತು ಓಡಿಸಿ ನೋಡು ಎಂದು ಕಾರು ಕೊಟ್ಟರು. ಅವನು ಹತ್ತಿರದ ಸೇತುವೆಯವರೆಗೆ ಹೋಗಿ ಬಂದು, ಕೆಳಗಿಳಿಯುವ ಮೊದಲೇ, ಹಿಂದಿನ ಎಡಗಡೆ ಬೇರಿಂಗು ಎಂದ. ಬೇರೆ ಯಾರಿಗಾದರೂ ಇದರಿಂದ ನಂಬಿಕೆ ಬರುತ್ತಿತ್ತು. ಇವರಿಗೆ ಗಾಬರಿ ಬಂತು. ತಾನು ಬಾಯಿ ಬಿಡದೆ ಇವನಿಗೆ ಹೇಗೆ ಗೊತ್ತಾಯಿತು? ಅವನನ್ನು ಹಾಗೂ ಹೀಗೂ ಮಾತಾಡಿಸಿದಾಗ, ಗ್ಯಾರೇಜು ತೆರೆಯುವ ಮುನ್ನ ಆರು ವರ್ಷ ಅದೇ ಮಂಡ್ಯದ ಶೋರೂಮಿನಲ್ಲಿ ಕೆಲಸ ಮಾಡಿದ್ದನೆಂದು ಹೊರಬಿತ್ತು. ಅಲ್ಲಿಗೆ ಕೇಸು ಮುಗಿಯಿತು. ಅಲ್ಲಿಂದ ಇಲ್ಲಿಗೆ ಫೋನು ಬಂದಿದೆ. ಎಲ್ಲ ಒಂದೇ ಜಾಲ. ಕಾರು ವಾಪಸು ಬಂತು.

ಮೂರನೆಯದಾಗಿ ವ್ಯಾನು ಬಂತು. ಅದರಲ್ಲಿ ಬಂದ ಇಬ್ಬರಿಗೆ ಕೆಂಪಸಿದ್ದಯ್ಯನವರು ಕುರ್ಚಿ ಹಾಕಿ, ನೀರು ಕೊಟ್ಟು, ಒಂದು ಕಾಗದ ಮುಂದಿಟ್ಟರು. ಯಾವ ಭಾಗಕ್ಕೆ ಕೈ ಹಾಕುತ್ತೀರಿ, ಎಷ್ಟು ಗಂಟೆಗೆ ಹಾಕುತ್ತೀರಿ, ಎಷ್ಟು ಗಂಟೆಗೆ ತೆಗೆಯುತ್ತೀರಿ, ಕೆಳಗೆ ರುಜು. ಪವರ್ ಹೌಸಿನಲ್ಲಿ ಈ ಕಾಗದವಿಲ್ಲದೆ ಮೆಷಿನ್ನನ್ನು ಯಾರೂ ಮುಟ್ಟುವಂತಿರಲಿಲ್ಲ. ಸ್ಟೀರಿಂಗಿಗೆ 'ಕೆಲಸ ನಡೆಯುತ್ತಿದೆ, ಚಾಲೂ ಮಾಡಬಾರದು' ಎಂಬ ಕೆಂಪು ರಟ್ಟನ್ನೂ ನೇತುಹಾಕಿದರು. ವ್ಯಾನಿನವರು ಕಾಗದವನ್ನೊಮ್ಮೆ, ಪರಸ್ಪರ ಮುಖವನ್ನೊಮ್ಮೆ ನೋಡಿಕೊಂಡರು. ಶೋರೂಮಿನ ರಸೀದಿಯಲ್ಲಿ ಬೇರಿಂಗು ಎಂದಿದ್ದದ್ದನ್ನು ಓದಿ, ಅದನ್ನು ಒತ್ತಿ ಕೂರಿಸುವ ಮೆಷಿನ್ನು ವ್ಯಾನಿನಲ್ಲಿ ಇರುವುದಿಲ್ಲ ಸಾರ್, ಅದಕ್ಕೆ ಗ್ಯಾರೇಜೇ ಆಗಬೇಕು ಎಂದರು. ಹೊರಟೂ ಹೋದರು. ಕಾಗದ ಮುಂದಿಟ್ಟಿದ್ದಕ್ಕೇ ಓಡಿಹೋದರು ನೋಡಿ ಎಂದು ಇವರು ಬೀದಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದರು.

ಕೊನೆಗೆ ಒಂದು ಭಾನುವಾರ ಮನೆಮುಂದೆ ಜಾಕು ಹಾಕಿ ತಾವೇ ಚಕ್ರ ಎತ್ತಿದರು. ಮಗಳಿಗೆ ಚಕ್ರ ತಿರುಗಿಸಲು ಹೇಳಿ, ಸ್ಕ್ರೂಡ್ರೈವರನ್ನು ಕಿವಿಯ ಹಿಂದಕ್ಕೆ ಒತ್ತಿ, ಕಣ್ಣು ಮುಚ್ಚಿ ಐದು ನಿಮಿಷ ಕೂತರು. ಎದುರು ಜಗುಲಿಯಲ್ಲಿ ಪೇಪರು ಓದುತ್ತಿದ್ದ ನನ್ನವರೆಗೂ ಆ ಬಳಪದ ಸದ್ದು ಬರುತ್ತಿತ್ತು. ಆರೋಪಿಯಾದ್ದರಿಂದ ನಾನು ಪೇಪರಿನಿಂದ ತಲೆ ಎತ್ತಲಿಲ್ಲ.

"ಬೆಣ್ಣೆ ಇದ್ದಂಗದೆ ಕಣ್ ಮಗ," ಎಂದರು ಅವರು.

ಶಶಿ ಚಕ್ರದಿಂದ ಕೈ ತೆಗೆದಳು. ಆಮೇಲೆ, ಐವತ್ತರ ಮೇಲೆ ಹೋದರೆ ಜೋರಾಗಿ ಕೂಗುತ್ತದೆ ಅಪ್ಪ, ನನಗೆ ಭಯವಾಗುತ್ತದೆ, ನಾಳೆಯಿಂದ ಬಸ್ಸಿನಲ್ಲಿ ಹೋಗುತ್ತೇನೆ ಎಂದಳು. ಸೋಮಮ್ಮನವರೂ ಹೊಸಿಲಿನಲ್ಲಿ ನಿಂತು, ಹೌದು ಕಣವ್ವ, ಬಸ್ಸಲ್ಲೇ ಹೋಗು ಎಂದರು. ಕೆಂಪಸಿದ್ದಯ್ಯನವರು ಎದ್ದು ನಿಂತು ಕೈ ಒರೆಸಿಕೊಂಡರು. ಮನೆಯವರೇ ಆ ಕಡೆ ಸೇರಿದರಲ್ಲ ಎಂಬುದು ಅವರ ಮುಖದಲ್ಲಿತ್ತು.

"ಮೂವತ್ತಾರು ವರ್ಸ ನಾನು ನಾರ್ಮಲ್ ಅಂದ ಮೆಷಿನ್ನು ಒಂದ್ ದಿನಾನಾರ ನಿಂತದಾ? ನಿಮ್ಮಪ್ಪನ ಮಾತ್ಗಿಂತ ಆ ಗಾಜಿನ್ ಮನೆವ್ರ ಮಾತು ಎಚ್ಚಾಯ್ತಾ?"

ಶಶಿ ಸೋತಳು. ಸೋಮವಾರ ಬೆಳಿಗ್ಗೆ ಅವಳಿಗೆ ಪರೀಕ್ಷೆಯ ಡ್ಯೂಟಿ. ಅಪ್ಪ ಬೀಗದಕೈ ಕೊಟ್ಟು "ತಗೊಂಡೋಗು ಮಗ" ಎಂದರು. ಅವಳು ತಗೊಂಡು ಹೋದಳು. ನಾನು ಗೇಟಿನಲ್ಲಿ ನಿಂತು ನೋಡಿದೆ. ಆ ಕೂಗು ಬೀದಿಯ ಕೊನೆಯವರೆಗೂ ನನಗೆ ಕೇಳಿಸಿತು. ಓಡಿಹೋಗಿ ಅವಳನ್ನು ನಿಲ್ಲಿಸದೇ ಇದ್ದದ್ದಕ್ಕೆ ಇವತ್ತಿಗೂ ನನಗೆ ನನ್ನ ಮೇಲೆ ಸಿಟ್ಟಿದೆ.

ಆಮೇಲಿನದು ಶಶಿಯೇ ನನಗೆ ಹೇಳಿದ್ದು. ಮದ್ದೂರು ಇನ್ನೂ ನಾಲ್ಕು ಕಿಲೋಮೀಟರು ಇರುವಾಗ ಕೂಗು ಒರಟಾಯಿತು, ಸುಟ್ಟ ಗ್ರೀಸಿನ ವಾಸನೆ ಬಂತು, ಕಾರು ಎಡಕ್ಕೆ ಎಳೆಯತೊಡಗಿತು. ಎದುರಿಗೆ ಕಬ್ಬಿನ ಟ್ರಾಕ್ಟರೊಂದು ಬರುತ್ತಿತ್ತು. ಅವಳು ಸ್ಟೀರಿಂಗು ಗಟ್ಟಿಯಾಗಿ ಹಿಡಿದು, ಬ್ರೇಕು ತುಳಿಯದೆ ವೇಗ ಇಳಿಸಿ, ಮಣ್ಣಿನ ಅಂಚಿಗೆ ತಂದಳು. ಟ್ರಾಕ್ಟರು ಹೋಗಲು ಬಿಟ್ಟಳು. ಅಲ್ಲಿಂದ ಆಮೆಯಂತೆ ತೆವಳಿಸಿಕೊಂಡು ನಾಗರಾಜುವಿನ ಗ್ಯಾರೇಜಿಗೆ ತಂದು ನಿಲ್ಲಿಸಿ, ಕಾಲೇಜಿಗೆ ಹೇಳಿ, ಅಪ್ಪನಿಗೆ ಫೋನು ಮಾಡಿದಳು.

ಕೆಂಪಸಿದ್ದಯ್ಯನವರು ಬಸ್ಸು ಹತ್ತಿ ಮದ್ದೂರಿಗೆ ಬಂದರು. ಬಸ್ಸಿನಲ್ಲಿ ಅವರ ತಲೆಯಲ್ಲಿ ಓಡುತ್ತಿದ್ದದ್ದು ಒಂದೇ: ಅಷ್ಟು ದೂರದಲ್ಲಿ ಕೆಟ್ಟ ಕಾರು ಸರಿಯಾಗಿ ನಾಗರಾಜುವಿನ ಬಾಗಿಲಿಗೇ ಹೋದದ್ದು ಹೇಗೆ? ಮಗಳ ಮುಖ ನೋಡಿದ ಮೇಲೆ ಆ ಪ್ರಶ್ನೆ ಕೇಳಲಿಲ್ಲ. ನಾಗರಾಜು ಕಾರನ್ನು ಜಾಕಿನ ಮೇಲೆ ಎತ್ತಿ ಕಾಯುತ್ತಿದ್ದ. ಇವರು ಜೇಬಿನಿಂದ ಸ್ಕ್ರೂಡ್ರೈವರು ತೆಗೆದರು. ಅವನು ಚಕ್ರ ತಿರುಗಿಸಿದ. ಇವರು ಕಣ್ಣು ಮುಚ್ಚಿ ಆಲಿಸಿದರು. ಕಣ್ಣು ಬಿಟ್ಟು, ಏನೂ ಇಲ್ಲವಲ್ಲಯ್ಯ ಎಂದರು.

ಆಗ ಪಕ್ಕದ ಬಸ್ ನಿಲ್ದಾಣದ ಕಲ್ಲಿನ ಮೇಲೆ, ಸೊಪ್ಪಿನ ಗಂಟು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಮುದುಕಿಯೊಬ್ಬಳು ಎರಡೂ ಕಿವಿಗೆ ಕೈ ಇಟ್ಟುಕೊಂಡು ಈ ಕಡೆ ತಿರುಗಿದಳು.

"ಅದೇನಪ್ಪ ಅದು, ಅಂಗ್ ಕಿರುಗುಡುಸ್ತಾ ಇದ್ದೀರಿ? ಹಲ್ಲೆಲ್ಲಾ ಜುಮ್ ಅಂತಾವೆ. ನಿಲ್ಸ್‌ಬಾರ್ದಾ?"

ಕೆಂಪಸಿದ್ದಯ್ಯನವರು ಸ್ಕ್ರೂಡ್ರೈವರು ಹಿಡಿದುಕೊಂಡೇ ಅವಳ ಬಳಿಗೆ ಹೋದರು. ಹೆಸರು ಕೇಳಿದರು, ಮರಿತಾಯಮ್ಮ. ಊರು ಕೇಳಿದರು, ಕೊತ್ತತ್ತಿ, ಮಗಳ ಮನೆಗೆ ಬಂದಿದ್ದಳು. ಈ ಗ್ಯಾರೇಜಿನವನು ನಿನಗೇನಾಗಬೇಕು ಎಂದರು, ಮಂಡ್ಯದಲ್ಲಿ ಯಾರಾದರೂ ಕಾರಿನ ಅಂಗಡಿಯವರು ಗೊತ್ತೇ ಎಂದರು. ಮುದುಕಿ ಅವರನ್ನು ಮೇಲಿಂದ ಕೆಳಗೆ ನೋಡಿದಳು.

"ನಾನು ಬಸ್ಸಿಗ್ ಕಾಯ್ತಾ ಕುಂತಿವ್ನಿ ಕಣಯ್ಯ, ನೆಂಟಸ್ತನ ಬೆಳ್ಸಕ್ ಬಂದಿಲ್ಲ. ನಿಂಗೇನು, ಕಿವಿ ಕೇಳಾಕಿಲ್ವಾ?"

ಇಷ್ಟು ದಿನ ಸದ್ದಿದೆ ಎಂದವರೆಲ್ಲರಿಗೂ ಒಂದಲ್ಲ ಒಂದು ಕಾರಣವಿತ್ತು. ಶೋರೂಮಿಗೆ ವ್ಯಾಪಾರ, ನಾಗರಾಜುವಿಗೆ ಶೋರೂಮು, ನನಗೆ ಷಡ್ಡಕ, ಮಗಳಿಗೆ ಗಾಜಿನ ಮನೆಯವರ ಮಾತು. ಈ ಮುದುಕಿಗೆ ಏನೂ ಇರಲಿಲ್ಲ. ಅವರು ಹಿಂದಿರುಗಿ ಬಂದು ಮಗಳ ಮುಂದೆ ನಿಂತರು.

"ಈಗ್ಲೂ ಕೂಗ್ತಾ ಅದಾ?"

ನಾಗರಾಜು ಚಕ್ರವನ್ನು ಇನ್ನೊಮ್ಮೆ ತಿರುಗಿಸಿದ. ಶಶಿ ಅಪ್ಪನ ಮುಖ ನೋಡಲಾರದೆ ಚಕ್ರವನ್ನೇ ನೋಡುತ್ತ, "ಕೂಗ್ತಾ ಇದೆ ಅಪ್ಪ" ಎಂದಳು.

ನಾಗರಾಜು ಅವರ ಕೈಯಿಂದ ಸ್ಕ್ರೂಡ್ರೈವರು ತೆಗೆದು ಪಕ್ಕಕ್ಕಿಟ್ಟ. "ಸಾ, ಕಿವಿ ಬುಡಿ. ಇಲ್ಲಿ ಕೈ ಮಡಗಿ," ಎಂದು ಅವರ ಬೆರಳುಗಳನ್ನು ಚಕ್ರದ ಹಿಂದಿನ ದಪ್ಪ ಸ್ಪ್ರಿಂಗಿನ ಮೇಲೆ ಇಡಿಸಿ, ಚಕ್ರ ತಿರುಗಿಸಿದ. ಒಳಗೆ ಯಾರೋ ಮರಳು ಅರೆಯುತ್ತಿರುವಂತೆ ಸ್ಪ್ರಿಂಗು ಬೆರಳಿಗೆ ಗರಗರ ಎಂದಿತು. ಆಮೇಲೆ ಬಲಗಡೆಯ ಸ್ಪ್ರಿಂಗಿನ ಮೇಲೆ ಇಡಿಸಿದ. ಅದು ಸುಮ್ಮನಿತ್ತು. ಕೆಂಪಸಿದ್ದಯ್ಯನವರು ಮತ್ತೆ ಎಡಕ್ಕೆ ಬಂದು, ತಾವೇ ಚಕ್ರ ತಿರುಗಿಸಿ, ತಾವೇ ಕೈಯಿಟ್ಟು ನೋಡಿದರು. ಮತ್ತೆ ಬಲಕ್ಕೆ ಹೋದರು. ನಾಲ್ಕು ಸಲ ಹೀಗೆ ಓಡಾಡಿ, "ಬಿಚ್ಚಪ್ಪ," ಎಂದರು.

ಬೇರಿಂಗು ಹೋದರೆ ಬೇರೆ ಹಾಕಬಹುದು. ಅದು ಮಧ್ಯಾಹ್ನದೊಳಗೆ ಮುಗಿಯುವ ಕೆಲಸ. ಅಷ್ಟು ಹೊತ್ತೂ ಅವರು ಗ್ಯಾರೇಜಿನ ಮುಂದಿನ ಬೆಂಚಿನಲ್ಲಿ ಕೂತಿದ್ದರು. ಒಳಗೆ ಏನು ಬಿಚ್ಚುತ್ತಾರೆ, ಏನು ಹಾಕುತ್ತಾರೆ ಎಂದು ಒಮ್ಮೆಯೂ ಇಣುಕಲಿಲ್ಲ. ಅದನ್ನು ನೋಡಿಯೇ ಶಶಿಗೆ ಹೆದರಿಕೆಯಾಯಿತಂತೆ. ಆಮೇಲೆ ಅವರು ಫೋನು ತೆಗೆದು, ಪವರ್ ಹೌಸಿನಲ್ಲಿ ತಮ್ಮ ಕೈಕೆಳಗಿದ್ದ ಅಶೋಕನಿಗೆ ಕರೆ ಮಾಡಿದರು. ಕುಶಲ ಕೇಳಲಿಲ್ಲ. ನನ್ನ ಕೊನೆಯ ವರ್ಷಗಳಲ್ಲಿ ನಾನು ನಾರ್ಮಲ್ ಎಂದು ಬರೆದದ್ದರಲ್ಲಿ ಏನಾದರೂ ತಪ್ಪಿತ್ತೇ, ನಿಜ ಹೇಳು ಎಂದು ನೇರವಾಗಿ ಕೇಳಿದರು. ಸ್ಪೀಕರು ಹಾಕಿದ್ದರು, ಈಚೆಗೆ ಫೋನನ್ನು ಯಾವಾಗಲೂ ಸ್ಪೀಕರಿನಲ್ಲೇ ಇಟ್ಟು ಮಾತಾಡುತ್ತಿದ್ದರು ಎಂಬುದು ಶಶಿಗೆ ಆಗಲೇ ಹೊಳೆದದ್ದು.

ಆ ಕಡೆ ಅಶೋಕ ಮೆಷಿನ್ನುಗಳ ಸದ್ದಿನಿಂದ ಹೊರಗೆ ಬಂದ.

"ತಪ್ಪೇನೂ ಆಗ್ಲಿಲ್ಲ ಸಾರ್," ಎಂದ ಅಶೋಕ. "ನೀವ್ ಕೇಳಿ ಆಕಡೆ ಓದ್ಮೇಲೆ ನಾನೂ ಒಂದ್ಸತಿ ಸರಳು ಇಟ್ಟು ಕೇಳ್ತಿದ್ದೆ."

"ಯಾವಾಗ್ಲಿಂದ?"

"ಕೊನೇ ಮೂರ್ ವರ್ಸ."

"ಯಾಕ್ ಏಳ್ಲಿಲ್ಲ ನೀನು?"

"ನಿಮ್ಗೆಂಗ್ ಸಾರ್ ಏಳದು," ಎಂದ ಅಶೋಕ. ಅಷ್ಟೇ ಎಂದ.

ಕೆಂಪಸಿದ್ದಯ್ಯನವರು ಫೋನು ಜೇಬಿಗಿಟ್ಟುಕೊಂಡರು. ಊರಿನಲ್ಲಿ ಎಳನೀರಿನವನಿಂದ ಹಿಡಿದು ಶೋರೂಮಿನವರೆಗೆ ಎಲ್ಲರ ಬೆನ್ನ ಹಿಂದೆಯೂ ನೋಡಿದ ಮನುಷ್ಯ. ಮೂರು ವರ್ಷ ತಮ್ಮ ಬೆನ್ನ ಹಿಂದೆ ಒಬ್ಬ ನಿಂತು ತಮ್ಮ ಕೆಲಸವನ್ನೇ ಮತ್ತೆ ಮಾಡಿದ್ದು ಗೊತ್ತಾಗಿರಲಿಲ್ಲ. ತನಗೆ ಗೊತ್ತಾಗದಂತೆ ಹೇಗೆ ಮಾಡಿದ ಎಂದು ಎರಡು ಸಲ ಗೊಣಗಿದರಂತೆ. ಅದರಲ್ಲಿ ಸಿಟ್ಟು ಎಷ್ಟಿತ್ತು, ಮೆಚ್ಚುಗೆ ಎಷ್ಟಿತ್ತು ಎಂಬುದನ್ನು ಶಶಿ ನನಗೆ ಬಿಡಿಸಿ ಹೇಳಲಾರದಾದಳು.

ನಾಗರಾಜು ಕೆಲಸ ಮುಗಿಸಿ, ಹಳೆಯ ಬೇರಿಂಗನ್ನು ಬಟ್ಟೆಯಲ್ಲಿ ಒರೆಸಿ ತಂದು ಅವರ ಕೈಗೆ ಕೊಟ್ಟ. ಒಳಗಿನ ಗುಂಡುಗಳು ಕಾದು ನೀಲಿಗಟ್ಟಿದ್ದವು. ಹೊಸದರ ಡಬ್ಬಿ ಎಲ್ಲಿ ಎಂದು ಇವರು ಕೇಳಿದರು. ಅವನು ಡಬ್ಬಿ ತಂದು ತೋರಿಸಿದ. ಅದರ ಮೇಲಿನ ನಂಬರನ್ನು ಫೋಟೋ ತೆಗೆದುಕೊಂಡರು. ಅಪ್ಪ ಸರಿಹೋದರು ಎಂದು ಶಶಿಗೆ ಸಮಾಧಾನವಾಯಿತು.

ಮಾರನೆಯ ದಿನ ಬೆಳಿಗ್ಗೆ ಅವಳು ಕಾರಿನ ಬಳಿ ನಿಂತು, ಅಭ್ಯಾಸಬಲದಿಂದ, ತಗೊಂಡು ಹೋಗಲಾ ಅಪ್ಪ ಎಂದಳು. ಅವರು ಬಾನೆಟ್ಟು ಎತ್ತಲಿಲ್ಲ. ತಗೊಂಡು ಹೋಗು ಎಂದೂ ಹೇಳಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಬಂದು, ಹಿಂದಿನ ಎಡಗಡೆಯ ಬಾಗಿಲು ತೆಗೆದು, ಸರಿಯಾಗಿ ಆ ಚಕ್ರದ ಮೇಲಕ್ಕೆ ಬರುವ ಸೀಟಿನಲ್ಲಿ ಕೂತರು. ಎಲ್ಲಿಗೆ ಎಂದು ಸೋಮಮ್ಮನವರು ಕೇಳಿದ್ದಕ್ಕೆ, ಮಂಡ್ಯಕ್ಕೆ, ಬಸ್ಸಿನಲ್ಲಿ ವಾಪಸು ಬರುತ್ತೇನೆ ಎಂದರು. ಮಂಡ್ಯದಲ್ಲಿ ಏನು ಕೆಲಸ ಎನ್ನುವಷ್ಟರಲ್ಲಿ ಬಾಗಿಲು ಎಳೆದುಕೊಂಡರು.

ಮದ್ದೂರು ದಾಟಿ ದೊಡ್ಡ ರಸ್ತೆಗೆ ಬಿದ್ದ ಮೇಲೆ ಶಶಿ ವೇಗ ಏರಿಸಿದಳು. ಕನ್ನಡಿಯಲ್ಲಿ ನೋಡಿದರೆ ಅಪ್ಪ ಸೀಟಿನ ಕೆಳಗೆ ಅಂಗೈ ಒತ್ತಿಕೊಂಡು ಕೂತಿದ್ದರು. ಏನಾದರೂ ಗೊತ್ತಾಗುತ್ತಿದೆಯೇ ಎಂದು ಕೇಳಿದಳು.

"ನನ್ ಕೇಳ್ಬೇಡ ಮಗ. ನಿಂಗೇನಾರ ಕೇಳಿಸ್ತದಾ ಏಳು."

ಅವಳು ಸ್ವಲ್ಪ ದೂರ ಆಲಿಸಿಕೊಂಡು ಹೋಗಿ, ಏನೂ ಇಲ್ಲ ಎಂದಳು. ಅವರು ಹೂಂ ಎಂದು ಸೀಟಿಗೆ ಒರಗಿದರು. ಇನ್ನೊಂದು ಕಿಲೋಮೀಟರು ಹೋದ ಮೇಲೆ ಮತ್ತೆ ಮುಂದಕ್ಕೆ ಬಾಗಿ, "ಗ್ಲಾಸ್ ಇಳ್ಸಿ ಇನ್ನೊಂದ್ಸತಿ ಕೇಳು," ಎಂದರು.